ಹೊರಗಿನಿಂದ ಹೊಡೆದ ಮೊಳೆ

ನಂಜನಗೂಡು
12 ಜೂನ್ 2024

ಚಿರಂಜೀವಿ ಬಿಂದುವಿಗೆ ನಿನ್ನ ಅಣ್ಣ ಮದನ್ ಮಾಡುವ ಆಶೀರ್ವಾದ.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯೆ ಎಂದು ಮಗಳು ಗೌತಮಿ ಹೇಳಿದಳು. ಅಮ್ಮ ತೀರಿಹೋದ ಮೇಲೆ ಶಿವಗಣಾರಾಧನೆ ಮಾಡಿದ ದಿನ ನಂಜುಂಡೇಶ್ವರನ ಗುಡಿ ಮುಂದೆ ಕರ್ಪೂರ ಹಚ್ಚಿ ನನ್ನ ಜೊತೆ ಮಾತು ಬಿಟ್ಟವಳು ನೀನು. ಕಾಗದ ಬಿಟ್ಟಿದ್ದೇನೆ ಎಂದು ದೇವರಿಗೆ ಹೇಳಿರಲಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಮನೆಯದು. ನಾವು ಹೊಸ ಬಡಾವಣೆಗೆ ಬಂದ ಮೇಲೆ ಅಪ್ಪನ ಮನೆಗೆ ಬೀಗ ಬಿದ್ದಿದೆ. ಇಲಿ ಹೆಗ್ಗಣಗಳಿಗೆ ಬಾಡಿಗೆಯಿಲ್ಲದೆ ಕೊಟ್ಟ ಹಾಗಾಗಿದೆ. ಮಾರಿಬಿಡೋಣ ಎಂದು ನೀನೂ ಹಿಂದೆ ವಕೀಲರ ಮೂಲಕ ಹೇಳಿ ಕಳಿಸಿದ್ದೆ. ಬ್ರೋಕರ್ ಶಿವಮಲ್ಲಪ್ಪ ಬಂದು ನೋಡಿದ. ಗೋಡೆ ಗಟ್ಟಿ, ಸೂರು ಗಟ್ಟಿ, ಕೆಟ್ಟಿರುವುದು ಕಿಟಕಿಗಳು ಮಾತ್ರ ಎಂದ. ಮರದ ಕಿಟಕಿ ಕಂಡ ಕೂಡಲೇ ಗಿರಾಕಿ ಮನಸ್ಸಿನಲ್ಲೇ ಬೆಲೆ ಇಳಿಸಿಕೊಳ್ಳುತ್ತಾನಂತೆ. ಎಲ್ಲ ಕಿತ್ತು ಈಗಿನ ಥರ ಜಾರುವ ಗಾಜಿನ ಕಿಟಕಿ ಹಾಕಿಸಿ ಎನ್ನುತ್ತಾನೆ. ನಿನ್ನ ಅತ್ತಿಗೆ, ಮಾರುವ ಮನೆಗೆ ಯಾರಾದರೂ ಖರ್ಚು ಮಾಡುತ್ತಾರಾ ಎಂದು ರಾಗ ತೆಗೆದಳು. ಅದಕ್ಕೆ ಅವನು, “ಸಂತೆಗೆ ಹೊಡ್ಯೋ ಎತ್ತಿಗೂ ಕೊಂಬು ಹೆರೆದು ಎಣ್ಣೆ ಅಚ್ಚಲ್ವಾ ಅಕ್ಕಾ” ಎಂದ. ನನಗೂ ಅದೇ ಸರಿ ಎನ್ನಿಸಿತು.

ಅಪ್ಪ ಮನೆಯನ್ನು ನಮ್ಮಿಬ್ಬರ ಹೆಸರಿಗೂ ಬರೆದು ಹೋಗಿದ್ದಾರೆ. ಹೋದ ಸಲ ಹಿತ್ತಿಲಿನ ಹೆಂಚು ಇಳಿಸಿದ್ದಕ್ಕೇ ನಿನ್ನ ವಕೀಲರಿಂದ ನೋಟಿಸು ಬಂತು. ಆದ್ದರಿಂದ ಕಿಟಕಿ ಬದಲಾಯಿಸಲು ನನ್ನ ಆಕ್ಷೇಪಣೆ ಇಲ್ಲ ಎಂದು ಒಂದು ಸಾಲು ಬರೆದು ಸಹಿ ಹಾಕಿ ಕಳಿಸು. ಬೀದಿ ಕಡೆಯ ನಿನ್ನ ರೂಮಿನ ಕಿಟಕಿಯೂ ಇದರಲ್ಲಿ ಸೇರಿದೆ. ಹಳೆಯದನ್ನು ಕೆದಕಬೇಡ ಕಣವ್ವ. ಅಪ್ಪ ಅಮ್ಮ ಇಬ್ಬರೂ ಇಲ್ಲ. ನಾವಾದರೂ ನೆಟ್ಟಗಿರೋಣ.

ಇಂತಿ ನಿನ್ನ ಅಣ್ಣ,
ಮದನ್


ತಿ. ನರಸೀಪುರ
21 ಜೂನ್ 2024

ಮದನಣ್ಣನಿಗೆ,

ನಾವಿಲ್ಲಿ ಚೆನ್ನಾಗಿದ್ದೇವೆ. ಅಲ್ಲಿ ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಎರಡು ಪುಟ ಬರೆಯುತ್ತೀಯೆ.

ನಡುಮನೆಯ ಕಿಟಕಿ, ಅಡುಗೆಮನೆಯ ಕಿಟಕಿ, ದೇವರ ಮನೆಯ ಬೆಳಕಿಂಡಿ, ಏನು ಬೇಕಾದರೂ ಮಾಡಿಕೊ. ಬೆಳ್ಳಿಯದೇ ಹಾಕಿಸು, ನನಗೇನು. ನನ್ನ ರೂಮಿನ ಕಿಟಕಿಯನ್ನು ಮಾತ್ರ ಮುಟ್ಟಬೇಡ. ಅದರ ಕದ ಹೇಗೆ ಮುಚ್ಚಿದೆಯೋ ಹಾಗೆ, ಅದಕ್ಕೆ ಹೊಡೆದ ಮೊಳೆಗಳು ಹೇಗಿವೆಯೋ ಹಾಗೆ ಇರಬೇಕು. ಹೋದ ವರ್ಷವೇ ಅದರ ಫೋಟೋ ತೆಗೆಸಿ ವಕೀಲರ ಹತ್ತಿರ ಇಟ್ಟಿದ್ದೇನೆ. ಒಂದು ಮೊಳೆ ಕಡಿಮೆಯಾದರೂ ತಡೆಯಾಜ್ಞೆ ತರುತ್ತೇನೆ. ತಂದು ಅಭ್ಯಾಸವಿದೆ, ನಿನಗೂ ಗೊತ್ತು.

ಹಳೆಯದನ್ನು ಕೆದಕಬೇಡ ಎಂದಿದ್ದೀಯೆ. ಹೊಡೆದವನಿಗೆ ಮರೆವು ಬೇಗ, ಆದ್ದರಿಂದ ಒಂದು ಸಲ ನೆನಪಿಸುತ್ತೇನೆ. ಹೇಮಲತಾ ನಮ್ಮ ಬೀದಿಯ ಕೊನೆಯಲ್ಲಿದ್ದ ರಂಗನಾಯಕರ ಮಗಳು, ನನ್ನ ಜೊತೆ ಪಿಯುಸಿ ಓದುತ್ತಿದ್ದಳು. ಅವಳನ್ನು ನಮ್ಮ ಮನೆಯೊಳಗೆ ಬಿಡುತ್ತಿರಲಿಲ್ಲ. ಅಮ್ಮ ಜಾತಿಯ ಹೆಸರು ಹೇಳುವವಳಲ್ಲ, “ಅವರು ಬೇರೆ ಜನ ಕಣವ್ವ” ಎನ್ನುತ್ತಿದ್ದಳು, ಅಷ್ಟೇ. ಹಾಗಾಗಿ ಹೇಮ ಜಗಲಿಯ ಮೇಲೆ ಕೂರುತ್ತಿದ್ದಳು, ನಾನು ಒಳಗೆ ಕಿಟಕಿಯ ದಂಡೆಯ ಮೇಲೆ. ಮಧ್ಯೆ ಕಬ್ಬಿಣದ ಸರಳು. ಎರಡು ವರ್ಷ ಹಾಗೇ ಓದಿದೆವು. ಪುಸ್ತಕ ನನ್ನದು, ತಲೆ ಅವಳದು. ನನಗೆ ತಿಳಿಯದ ಲೆಕ್ಕವನ್ನು ಅವಳು ಸರಳಿನ ಸಂದಿಯಿಂದ ಕೈ ತೂರಿಸಿ ನನ್ನ ನೋಟ್‌ಬುಕ್ಕಿನಲ್ಲಿ ಬಿಡಿಸುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ ಮಠದಲ್ಲಿ ಯಾರೋ ನಿನ್ನನ್ನು ಆಡಿಕೊಂಡರು ಎಂದು ಸುತ್ತಿಗೆ ಹಿಡಿದು ಬಂದೆ. ಹೊರಗಿನಿಂದ ಕದ ಮುಚ್ಚಿ, ಚೌಕಟ್ಟಿಗೆ ಸೇರಿಸಿ ಉದ್ದುದ್ದ ಮೊಳೆ ಹೊಡೆದೆ. ನಾನು ಒಳಗೆ ಕತ್ತಲಲ್ಲಿ ಕೂತು ಪ್ರತಿ ಏಟನ್ನೂ ಕೇಳಿಸಿಕೊಂಡೆ. ಮಾರನೆಯ ಬೆಳಿಗ್ಗೆ ಹೇಮ ಬಂದು ಕದ ತಟ್ಟಿ ಕೂಗಿದಳು. ಅಮ್ಮ ನನ್ನ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ಆಗ ನೀನು ಜಗಲಿಯ ಮೇಲೆ ನಿಂತು ಅವಳಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ: “ಬಿಂದುನೇ ಹೇಳಿ ಹೊಡೆಸಿದ್ದು. ನಿನ್ನ ಜೊತೆ ಕೂತು ಓದೋದು ಅವಳಿಗೆ ಇಷ್ಟ ಇಲ್ವಂತೆ. ಹೋಗು.”

ಹೇಮ ಹೋದಳು. ಪುಸ್ತಕವಿಲ್ಲದೆ ಆ ವರ್ಷ ಫೇಲಾದಳು. ಅವಳು ಹೇಳಿಕೊಟ್ಟ ಲೆಕ್ಕ ಬರೆದು ನಾನು ಪಾಸಾದೆ, ಟೀಚರೂ ಆದೆ.

ಈಗ ಮನೆ ನೋಡಲು ಬಂದ ಪ್ರತಿಯೊಬ್ಬರೂ ಆ ಕಿಟಕಿಯ ಮುಂದೆ ನಿಂತು, ಇದಕ್ಕೇಕೆ ಮೊಳೆ ಹೊಡೆದಿದ್ದೀರಿ ಎಂದು ಕೇಳಲಿ. ನೀನು ಹೇಳು. ಮಾಡಿದ್ದುಣ್ಣೋ ಮಹರಾಯ. ಇದೇ ನನ್ನ ಒಪ್ಪಿಗೆ, ಇದೇ ನನ್ನ ಆಕ್ಷೇಪಣೆ.

ನಿನ್ನ ಒಡಹುಟ್ಟಿದವಳು,
ಬಿಂದುಶ್ರೀ


ನಂಜನಗೂಡು
28 ಜುಲೈ 2024

ಬಿಂದು,

ನಿನ್ನ ಆಸೆ ಈಡೇರಿತು. ಬೇರೆ ಕಿಟಕಿಗಳೆಲ್ಲ ಹೊಸದಾಗಿ ಫಳಫಳ ಹೊಳೆಯುತ್ತಿವೆ. ಅವುಗಳ ನಡುವೆ ನಿನ್ನದೊಂದು ಮದುವೆ ಮನೆಗೆ ಬಂದ ಸಾಲಗಾರನ ಹಾಗೆ ನಿಂತಿದೆ. ಮೊದಲಾದರೆ ಎಲ್ಲವೂ ಹಳೆಯದಾಗಿದ್ದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಬೀದಿಯಲ್ಲಿ ಹೋಗುವವರೂ ನಿಂತು ನೋಡುತ್ತಾರೆ.

ಗುಂಡ್ಲುಪೇಟೆಯಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಮನೆ ಒಪ್ಪಿಗೆಯಾಗಿತ್ತು. ಅವರ ತಾಯಿ ಜಗಲಿ ಹತ್ತಿದವರು ಆ ಮೊಳೆಗಳನ್ನು ಕಂಡು ಅಲ್ಲೇ ಚಪ್ಪಲಿ ಮೆಟ್ಟಿಕೊಂಡರು. “ಇದು ಗಾಳಿ ಕಟ್ಟಿರೋ ಮೊಳೆ ಕಣಪ್ಪ, ಬಾ ಓಗಮ” ಎಂದು ಮಗನ ಕೈ ಹಿಡಿದು ಎಳೆದರು. ಕದ ಗಾಳಿಗೆ ಬಡಿಯುತ್ತಿತ್ತು, ಅದಕ್ಕೆ ಹೊಡೆದೆ ಎಂದು ನಾನು ಹೇಳಿದೆ. ಗಾಳಿಗೆ ಎಂದು ನಾನೇ ನನ್ನ ಬಾಯಿಂದ ಹೇಳಿದ ಮೇಲೆ ಮುಗಿಯಿತು, ಆಕೆ ಹಿಂದಿರುಗಿಯೂ ನೋಡಲಿಲ್ಲ.

ಆಮೇಲೆ ಬಂದವರೂ ಇದೇ ರಾಗ. ದೆವ್ವ ಹಿಡಿದ ಮನೆಗೆ ಮಂತ್ರವಾದಿ ಚೌಕಟ್ಟಿಗೆ ಮೊಳೆ ಹೊಡೆದು ಕಟ್ಟುವುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಬಿಂದು, ನಾನು ಕೈ ಮುಗಿದು ಕೇಳುತ್ತೇನೆ. ಕಿಟಕಿ ಬದಲಾಯಿಸುವುದು ಬೇಡ, ಮೊಳೆಯನ್ನಾದರೂ ಕೀಳಿಸುತ್ತೇನೆ. ಒಪ್ಪಿಗೆ ಕೊಡು.

ಮದನ್


ತಿ. ನರಸೀಪುರ
9 ಆಗಸ್ಟ್ 2024

ಮದನಣ್ಣನಿಗೆ,

ನಿನ್ನ ಕಾಗದವನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ನಗಲಿಲ್ಲ, ನಾನು ನಕ್ಕೆ. ಹೊಟ್ಟೆ ತುಂಬ ನಕ್ಕೆ. ಇಷ್ಟು ವರ್ಷದಲ್ಲಿ ನನ್ನ ತವರಿನಿಂದ ಬಂದ ಉಡುಗೊರೆ ಎಂದರೆ ಇದೇ.

ದೆವ್ವ ಎಂದುಕೊಳ್ಳುತ್ತಾರೆ ಎಂದು ಅಳುವ ಬದಲು ನಿಜ ಹೇಳಬಹುದಿತ್ತಲ್ಲ? “ಅಮ್ಮಾ, ಇಲ್ಲಿ ಯಾವ ದೆವ್ವವೂ ಇಲ್ಲ, ನನ್ನ ತಂಗಿಯ ಗೆಳತಿ ಬಾರದ ಹಾಗೆ ನಾನೇ ಹೊಡೆದ ಮೊಳೆ” ಎಂದಿದ್ದರೆ ಆಕೆ ಮನೆ ಕೊಂಡುಬಿಡುತ್ತಿದ್ದರೋ ಏನೋ. ನಿನಗೆ ದೆವ್ವಕ್ಕಿಂತ ನಿಜದ ಮೇಲೆ ಹೆಚ್ಚು ಭಯ.

ಸರಿ, ನಾನೂ ಕಲ್ಲಲ್ಲ. ಒಂದು ದಾರಿ ಹೇಳುತ್ತೇನೆ. ಬಂದವರಿಗೆಲ್ಲ ಹೇಳಬೇಡ, ಒಬ್ಬಳಿಗೆ ಹೇಳು. ಹೇಮ ಹೆಮ್ಮಿಗೆಯಲ್ಲಿದ್ದಾಳೆ. ಅವಳೂ ಗಂಡ ಕೃಷ್ಣಕುಮಾರನೂ ಟೊಮೆಟೊ, ಮೆಣಸಿನ ಸಸಿ ಬೆಳೆಸಿ ರೈತರಿಗೆ ಮಾರುತ್ತಾರೆ. ಆ ಕಡೆಯಿಂದ ಬರುವ ನಮ್ಮ ಶಾಲೆಯ ಮಕ್ಕಳಿಂದ ಇಷ್ಟು ತಿಳಿದುಕೊಂಡಿದ್ದೇನೆ. ನೀನು ಹೆಮ್ಮಿಗೆಗೆ ಹೋಗಿ, ಅವಳ ಮುಂದೆ ನಿಂತು, ಮೊಳೆ ಹೊಡೆದದ್ದು ನಾನು, ಬಿಂದು ಹೊಡೆಸಲಿಲ್ಲ, ಅವತ್ತು ನಾನು ಹೇಳಿದ್ದು ಸುಳ್ಳು ಎಂದು ಹೇಳಬೇಕು. ಹೇಳಿದ ದಿನವೇ ನೀನು ಕಿಟಕಿ ಕಿತ್ತುಕೊ.

ನೀನೇ ಯಾಕೆ ಹೋಗಿ ಹೇಳಲಿಲ್ಲ ಎಂದು ಕೇಳುತ್ತೀಯೆ, ನನಗೆ ಗೊತ್ತು. ನಾನು ಹೇಳಿದರೆ ಅದು ನೆಪವಾಗುತ್ತದೆ. ಹೊಡೆದವನು ಹೇಳಿದರೆ ಮಾತ್ರ ನಿಜವಾಗುತ್ತದೆ. ಅಮ್ಮನ ಆರಾಧನೆಯ ದಿನ ನಾನು ಕೇಳಿದ್ದೂ ಇದನ್ನೇ. ಪಂಕ್ತಿಯಲ್ಲಿ ಕೂತಿದ್ದ ನೀನು “ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಲ್ಲ” ಎಂದು ಎಲ್ಲರೆದುರು ನಕ್ಕೆ. ಅವತ್ತೇ ನಾನು ಮಾತು ಬಿಟ್ಟೆ.

ಬಿಂದುಶ್ರೀ


ನಂಜನಗೂಡು
15 ಸೆಪ್ಟೆಂಬರ್ 2024

ಬಿಂದು,

ಹೆಮ್ಮಿಗೆಗೆ ಹೋಗಿ ಆ ಹೆಂಗಸಿನ ಮುಂದೆ ಕೈ ಕಟ್ಟಿ ನಿಲ್ಲುವುದು ನನ್ನಿಂದ ಆಗದ ಮಾತು. ನಾನೇನು ಕೊಲೆ ಮಾಡಿಲ್ಲ. ಆ ಕಾಲದಲ್ಲಿ ಯಾವ ಅಣ್ಣನಾದರೂ ಮಾಡುತ್ತಿದ್ದುದನ್ನೇ ಮಾಡಿದೆ.

ಅದರ ಅಗತ್ಯವೂ ಇನ್ನಿಲ್ಲ. ಒಳ್ಳೆಯ ಗಿರಾಕಿ ಸಿಕ್ಕಿದ್ದಾರೆ. ಕಿಟಕಿ ಇದ್ದ ಹಾಗೇ ಇರಲಿ ಎಂದು ಒಪ್ಪಿದ್ದಾರೆ. ಅವರಿಗೆ ತಿಳಿಯುವ ಹಾಗೆ ಹೇಳಿದ್ದೇನೆ, ಅವರಿಗೂ ಸಮಾಧಾನವಾಗಿದೆ. ಹೇಗೆ ಹೇಳಿದೆ ಎಂಬುದು ನಿನಗೆ ಬೇಡ. ದೀಪಾವಳಿ ಕಳೆದು ನೋಂದಣಿ ಇಟ್ಟುಕೊಳ್ಳೋಣ. ಆಧಾರ್ ಪ್ರತಿ ಕಳಿಸು.

ಮದನ್


ತಿ. ನರಸೀಪುರ
3 ಅಕ್ಟೋಬರ್ 2024

ಮದನಣ್ಣನಿಗೆ, ಸತ್ತು ಇಪ್ಪತ್ತೇಳು ವರ್ಷವಾದ ನಿನ್ನ ತಂಗಿ ಬರೆಯುವುದು.

ನಾನು ಸತ್ತ ಸುದ್ದಿ ನನಗೆ ಮೊನ್ನೆ ತಲುಪಿತು. ಶಾಲೆಯಲ್ಲಿ ಊಟದ ಹೊತ್ತಿನಲ್ಲಿ, ಅನ್ನಕ್ಕೆ ಸಾರು ಕಲಸುತ್ತಿದ್ದಾಗ. ನಮ್ಮ ಬಿಸಿಯೂಟದ ಮರಿತಾಯಮ್ಮನ ತಮ್ಮನೇ ನಿನ್ನ ಒಳ್ಳೆಯ ಗಿರಾಕಿ. ಅವಳಿಗೆ ನನ್ನ ತವರು ಯಾವುದೆಂದು ಗೊತ್ತಿಲ್ಲ, ಪಾಪ. ಮೈ ಜುಮ್ಮೆನ್ನುವ ಹಾಗೆ ಹೇಳಿದಳು: “ನಂಜನಗೂಡಲ್ಲಿ ನಮ್ಮ ತಮ್ಮ ಒಂದು ಮನೆ ನೋಡವ್ನೆ ಮೇಡಮ್ಮೋರೆ. ಆ ಮನೇಲಿ ಮದ್ವೆ ಆಗ್ದೇ ಇರೋ ಎಣ್ಣೊಂದು ಪರೀಕ್ಸೆ ಟೇಮಲ್ಲಿ ಜ್ವರ ಬಂದು ಸತ್ತೋಯ್ತಂತೆ. ದಿನಾ ರಾತ್ರಿ ಕಿಟ್ಕೀಲಿ ಕೂತ್ಕೊಂಡು ಓದ್ತಿತ್ತಂತೆ. ಕವಲಂದೆ ಮಲ್ಲಯ್ಯನ ಕರ್ಸಿ ಮೊಳೆ ಒಡ್ಸಿ ಕಟ್ಟಾಕವ್ರೆ. ಈಗೇನೂ ತೊಂದ್ರೆ ಇಲ್ವಂತೆ, ಅದ್ರ ಅಣ್ಣನೇ ಯೋಳುದ್ರು.”

ನಾನು ಕಲಸಿದ ಅನ್ನವನ್ನು ಪೂರ್ತಿ ಉಂಡೆ, ಅಣ್ಣ. ಸತ್ತವಳಿಗೆ ಒಳ್ಳೆಯ ಹಸಿವಿತ್ತು. ಕೈ ತೊಳೆದ ಮೇಲೆ ಮರಿತಾಯಮ್ಮನನ್ನು ಪಕ್ಕಕ್ಕೆ ಕರೆದು, ಆ ಹೆಣ್ಣು ನಾನೇ ಎಂದೆ. ಅವಳ ಕೈಯ ಸೌಟು ಬಿತ್ತು. ಮುಟ್ಟಿ ನೋಡು ಎಂದೆ, ಮುಟ್ಟಿದಳು. ಇವತ್ತು ಬೆಳಿಗ್ಗೆ ಅವಳ ತಮ್ಮ ನಿನ್ನ ಅಂಗಡಿಗೆ ಬಂದು ಹೋಗಿರಬೇಕಲ್ಲ?

ನಿಜ ಹೇಳುವುದನ್ನು ತಪ್ಪಿಸಿಕೊಳ್ಳಲು ನನ್ನನ್ನೇ ಕೊಂದುಬಿಟ್ಟೆಯಾ? ಮೊಳೆ ಹೊಡೆದದ್ದು ಸಾಲದೆ ಅದರ ಹಿಂದೆ ನನ್ನ ಹೆಣವನ್ನೂ ಇಟ್ಟೆ. ನನಗೆ ಎಷ್ಟು ಕೋಪ ಬಂದಿದೆ ಎಂದರೆ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಿನ್ನ ಹೆಸರು ಹಿಡಿದು ಬೈದೆ. ಯಜಮಾನರು ಬಂದು ಹಾಲು ಉಕ್ಕುತ್ತಿದೆ ಎಂದರು, ಉಕ್ಕಲಿ ಬಿಡಿ ಎಂದೆ.

ಆದರೆ ಒಂದು ಅನುಕೂಲ ಮಾಡಿಕೊಟ್ಟಿದ್ದೀಯೆ. ಸತ್ತವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕುವುದಿಲ್ಲ. ನನ್ನ ಆಧಾರ್ ಕೇಳಬೇಡ, ನನ್ನ ಮರಣ ಪ್ರಮಾಣಪತ್ರ ಮಾಡಿಸಿಕೊ. ಮಲ್ಲಯ್ಯನನ್ನೇ ಸಾಕ್ಷಿಗೆ ಕರೆದುಕೊಂಡು ಹೋಗು.

ಕಟ್ಟಿಹಾಕಿದ ದೆವ್ವ,
ಬಿಂದುಶ್ರೀ


ನಂಜನಗೂಡು
10 ನವೆಂಬರ್ 2024

ಬಿಂದು,

ಒಂದು ತಿಂಗಳಿಂದ ಈ ಕಾಗದ ಬರೆಯುವುದು, ಹರಿಯುವುದು ಮಾಡುತ್ತಿದ್ದೇನೆ. ಶಿವಮಲ್ಲಪ್ಪ ಹೇಳಿಕೊಟ್ಟ ಹಾಗೆ ಹೇಳಿದೆ. ದೆವ್ವ ಇಲ್ಲ ಎಂದರೆ ಯಾರೂ ನಂಬುವುದಿಲ್ಲ, ಇತ್ತು ಈಗ ಶಾಂತಿಯಾಗಿದೆ ಎಂದರೆ ಎಲ್ಲರೂ ನಂಬುತ್ತಾರೆ ಸಾ ಎಂದ. ಸತ್ತದ್ದು ಯಾರು ಎಂದು ಅವರು ಕೇಳಿದಾಗ ಬಾಯಿಗೆ ಬಂದದ್ದು ನಿನ್ನ ಹೆಸರು. ಹೆಸರು ಹೇಳಲಿಲ್ಲ, ತಂಗಿ ಎಂದೆ. ತಪ್ಪಾಯಿತು.

ಮನೆ ಹಾಳಾಗಲಿ ಬಿಡು. ಈಗ ಬಂದಿರುವುದು ಬೇರೆ. ಗೌತಮಿಗೆ ಹೆಡತಲೆಯ ಗುರುಮಲ್ಲಪ್ಪನವರ ಮಗನ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗ ಕಿರಣ್, ಪಶುವೈದ್ಯ. ಇಬ್ಬರೂ ಒಪ್ಪಿದ್ದರು. ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿದ್ದೆವು. ಅಷ್ಟರಲ್ಲಿ ಅವರ ಕಿವಿಗೆ ಈ ಸುದ್ದಿ ಬಿತ್ತು. ಕನ್ಯೆಯಾಗಿ ಸತ್ತ ಹೆಣ್ಣನ್ನು ಮೊಳೆ ಹೊಡೆದು ಕಟ್ಟಿದ ಮನೆತನ, ನಾಳೆ ನಮ್ಮ ಸೊಸೆಯ ಮೈಮೇಲೆ ಬಂದರೆ ಗತಿಯೇನು ಎನ್ನುತ್ತಾರೆ. ನನ್ನ ತಂಗಿ ಬದುಕಿದ್ದಾಳೆ, ನರಸೀಪುರದಲ್ಲಿ ಟೀಚರು ಎಂದೆ. “ಹಾಗಾದ್ರೆ ಸೋದರತ್ತೆ ಒಂದು ಸಲವಾದ್ರೂ ನಿಮ್ಮನೆಗೆ ಬಂದಿದ್ದನ್ನ ನಾವು ಕಾಣೆವಲ್ಲ” ಎಂದು ಗುರುಮಲ್ಲಪ್ಪನವರ ಹೆಂಡತಿ ಚನ್ನಾಜಮ್ಮ ಕೇಳಿದರು. ನಾನೇ ತೋಡಿದ ಹಳ್ಳ, ನಾನೇ ಬಿದ್ದಿದ್ದೇನೆ. ಗೌತಮಿ ನನ್ನ ಜೊತೆ ಮಾತಾಡುತ್ತಿಲ್ಲ. ಈ ಮನೆಯ ಹೆಣ್ಣುಮಕ್ಕಳಿಗೆಲ್ಲ ಅದೊಂದು ಸುಲಭ.

ನೀನು ಒಂದೇ ಒಂದು ಸಲ ಬಂದು ಅವರ ಕಣ್ಣಿಗೆ ಬಿದ್ದು ಹೋಗು. ನನ್ನ ಮುಖ ನೋಡಬೇಡ, ಮಾತಾಡಬೇಡ. ಗೌತಮಿಯ ಪಕ್ಕದಲ್ಲಿ ಕೂತು ಎದ್ದು ಹೋಗು ಸಾಕು.

ನಿನ್ನ ಅಣ್ಣ,
ಮದನ್


ತಿ. ನರಸೀಪುರ
16 ನವೆಂಬರ್ 2024

ಮದನಣ್ಣನಿಗೆ,

ಗೌತಮಿಯ ಮೇಲೆ ನನಗೆ ಕೋಪವಿಲ್ಲ. ಅವಳು ಅಳುತ್ತಿದ್ದಾಳೆ ಎಂದು ತಿಳಿದು ನನಗೂ ಊಟ ಸೇರಲಿಲ್ಲ. ಆದರೂ ಹೇಳುತ್ತೇನೆ. ಮೊದಲು ಹೆಮ್ಮಿಗೆ, ಆಮೇಲೆ ನಾನು.

ಇದು ಕ್ರೂರ ಎಂದು ಯಜಮಾನರು ಹೇಳಿದರು. ಹೌದು, ಕ್ರೂರವೇ. ನಿನ್ನ ಮಗಳಿಗೆ ಬಾಗಿಲು ಮುಚ್ಚಿದಾಗ ನಿನಗೆ ಎಷ್ಟು ನೋವಾಯಿತೋ ನೋಡು. ಕೆಟ್ಟ ಮೇಲಾದರೂ ಬುದ್ಧಿ ಬರಲಿ.

ಬಿಂದುಶ್ರೀ


ನಂಜನಗೂಡು
8 ಡಿಸೆಂಬರ್ 2024

ಬಿಂದು,

ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಈ ಸಲ ಒಂದು ಅಕ್ಷರವೂ ಸುಳ್ಳಿಲ್ಲ.

ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋಗಿದ್ದೆ. ಅವಳು ಹಸಿರು ಪರದೆಯ ಶೆಡ್ಡಿನಲ್ಲಿ ಕೂತು, ಸಸಿ ಹಾಕುವ ಟ್ರೇಗಳಿಗೆ ತೆಂಗಿನ ನಾರಿನ ಪುಡಿ ತುಂಬುತ್ತಿದ್ದಳು. ನಾನು ಯಾರು ಎಂದು ಹೇಳುವ ಮೊದಲೇ ಗುರುತು ಹಿಡಿದಳು. ಏಳಲಿಲ್ಲ. ಗಂಡನಿಗೆ ಹೇಳಿ ಒಂದು ಚೊಂಬು ನೀರು ತರಿಸಿ ಕೊಟ್ಟಳು. ಮನೆ ಅಲ್ಲೇ ಹತ್ತು ಹೆಜ್ಜೆಯಲ್ಲಿತ್ತು, ಒಳಗೆ ಬನ್ನಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ಮೊಳೆ ಹೊಡೆದದ್ದು ನಾನು, ಬಿಂದು ಹೊಡೆಸಲಿಲ್ಲ, ಅಮ್ಮ ಅವಳ ಬಾಯಿ ಒತ್ತಿ ಹಿಡಿದಿದ್ದಳು, ನಿಮಗೆ ನಾನು ಹೇಳಿದ್ದು ಸುಳ್ಳು ಎಂದೆ. ಅವಳ ಗಂಡ ಎದುರಿಗೇ ನಿಂತಿದ್ದರು.

ಅವಳು ಪುಡಿ ತುಂಬುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ತು ಕಣ್ರೀ” ಎಂದಳು. ಹೇಗೆ ಎಂದೆ. “ಮೊಳೆ ತಲೆ ಎಲ್ಲಾ ಜಗಲಿ ಕಡೆ ಇದ್ವು. ಬ್ಯಾಡ ಅಂದ್ರೆ ಒಳಗೆ ಕೂತೋಳು ಚಿಲಕ ಆಕ್ಕೊಂಡ್ರೆ ಸಾಕು, ಒರಗಡೆಯಿಂದ ಯಾಕೆ ಮೊಳೆ ಒಡುಸ್ತಾಳೆ? ಅವತ್ತೇ ಕೈಯಲ್ಲಿ ಮುಟ್ಟಿ ನೋಡಿದ್ದೆ.”

ನನಗೆ ದೊಡ್ಡ ಹೊರೆ ಇಳಿದ ಹಾಗಾಯಿತು. ಹಾಗಾದರೆ ಬಿಂದುವಿನ ಮೇಲೆ ನಿಮಗೆ ಸಿಟ್ಟಿಲ್ಲ, ಅದನ್ನು ಅವಳಿಗೆ ತಿಳಿಸುತ್ತೇನೆ ಎಂದೆ. ಆಗ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

“ನೀವು ಕಿಟ್ಕಿಗೆ ಮೊಳೆ ಒಡುದ್ರಿ. ಬಾಗ್ಲಿಗೆ ಒಡ್ದಿರ್ನಿಲ್ವಲ್ಲ?”

ಬಿಂದು ನರಸೀಪುರದಲ್ಲಿ ಎಷ್ಟು ವರ್ಷದಿಂದ ಇದ್ದಾಳೆ ಎಂದು ಕೇಳಿದಳು. ಮದುವೆಯಾದಾಗಿನಿಂದ, ಹದಿನೆಂಟು ವರ್ಷವಾಯಿತು ಎಂದೆ. “ಇಲ್ಲಿಂದ ಬಸ್ಸಲ್ಲಿ ಅರ್ಧ ಗಂಟೆ” ಎಂದಳು. ಅಷ್ಟು ಹೇಳಿ ಇನ್ನೊಂದು ಟ್ರೇ ಎಳೆದುಕೊಂಡಳು. ಬಾಳೆಹಣ್ಣನ್ನು ಮುಟ್ಟಲಿಲ್ಲ.

ಇದನ್ನು ನಿನಗೆ ಬರೆಯುವುದೋ ಬೇಡವೋ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಬರೆದೇ ಬಿಟ್ಟೆ. ಆರು ತಿಂಗಳು ನೀನು ನನ್ನನ್ನು ಕುಣಿಸಿದ್ದೀಯೆ, ಇದೊಂದು ಏಟು ನನ್ನ ಪಾಲಿಗೂ ಇರಲಿ.

ಹೇಳಿದ್ದನ್ನು ಮಾಡಿದ್ದೇನೆ. ಇನ್ನು ನಿನ್ನ ಸರದಿ.

ಮದನ್


ತಿ. ನರಸೀಪುರ
22 ಡಿಸೆಂಬರ್ 2024

ಮದನಣ್ಣನಿಗೆ,

ಕಿಟಕಿ ಬದಲಾಯಿಸು. ನನ್ನ ಆಕ್ಷೇಪಣೆ ಇಲ್ಲ. ನೀನು ಜೂನ್‌ನಲ್ಲಿ ಕೇಳಿದ ಸಾಲು ಇದೇ, ಕೆಳಗೆ ಸಹಿಯೂ ಇದೆ.

ನಿಶ್ಚಿತಾರ್ಥಕ್ಕೆ ಬರುತ್ತೇನೆ. ಚನ್ನಾಜಮ್ಮನವರು ಮುಟ್ಟಿ ನೋಡಲಿ, ಚಿವುಟಿ ನೋಡಲಿ. ಗೌತಮಿಗೆ ಸೋದರತ್ತೆಯ ಸೀರೆ ನಾನೇ ತರುತ್ತೇನೆ. ಆಮೇಲೆ ನೋಂದಣಿಗೂ ಬಂದು ಸಹಿ ಹಾಕುತ್ತೇನೆ. ನಿನ್ನ ಜೊತೆ ಮಾತಾಡುವುದಿಲ್ಲ. ನೀನು ಹೆಮ್ಮಿಗೆಗೆ ಹೋದೆ, ನಿಜ. ಆದರೆ ಮಗಳ ಮದುವೆಗಾಗಿ ಹೋದೆ, ಹೇಮಳಿಗಾಗಿ ಹೋಗಲಿಲ್ಲ. ಅದನ್ನು ನಾನು ಕ್ಷಮೆ ಎಂದು ಜಮಾ ಮಾಡಿಕೊಳ್ಳಲಾರೆ.

ಕಿತ್ತ ಕದವನ್ನು ಗುಜರಿಗೆ ಹಾಕಬೇಡ. ನಿನ್ನ ಮನೆಯ ನೀರೊಲೆಗೆ ಹಾಕು. ಮರ ಉರಿದು ಹೋಗುತ್ತದೆ, ಮೊಳೆ ಬೂದಿಯಲ್ಲಿ ಉಳಿಯುತ್ತದೆ. ಅದನ್ನು ನಿನ್ನ ಕೈಯಿಂದಲೇ ಹೆಕ್ಕು, ಅತ್ತಿಗೆಗೆ ಹೇಳಬೇಡ.

ನಿನ್ನ ಏಟು ಸರಿಯಾದ ಜಾಗಕ್ಕೇ ಬಿತ್ತು. ಸಂತೋಷಪಡು.

ಬಿಂದುಶ್ರೀ


ತಿ. ನರಸೀಪುರ
22 ಡಿಸೆಂಬರ್ 2024

ಹೇಮ,

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಆಗ ಬರೆಯುವ ಅಗತ್ಯವೇ ಇರಲಿಲ್ಲ, ಸರಳಿನ ಆಚೆ ನೀನೇ ಇರುತ್ತಿದ್ದೆ.

ನೀನು ಅಣ್ಣನಿಗೆ ಹೇಳಿದ ಮಾತನ್ನು ಅವನು ಒಂದು ಅಕ್ಷರವನ್ನೂ ಬಿಡದೆ ನನಗೆ ತಲುಪಿಸಿದ. ಓದಿ ಎರಡು ದಿನ ನಾನು ಯಾರ ಜೊತೆಯೂ ಜಗಳವಾಡಲಿಲ್ಲ. ಮನೆಯವರು ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದರು.

ಬಾಗಿಲಿಗೆ ಮೊಳೆ ಇರಲಿಲ್ಲ. ಪರೀಕ್ಷೆ ಮುಗಿದ ದಿನವೂ ಇರಲಿಲ್ಲ, ಮದುವೆಯಾಗಿ ಇಲ್ಲಿಗೆ ಬಂದ ದಿನವೂ ಇರಲಿಲ್ಲ. ಹೆಮ್ಮಿಗೆಯ ಬಸ್ಸು ನಮ್ಮ ಶಾಲೆಯ ಮುಂದೆಯೇ ಹೋಗುತ್ತದೆ. ಹತ್ತಲಿಲ್ಲ. ಅಣ್ಣನ ಮೇಲೆ ನೋಟಿಸು, ತಡೆಯಾಜ್ಞೆ, ಮಾತು ಬಿಡುವುದು, ಎಲ್ಲ ಮಾಡಿದೆ. ಅಷ್ಟೂ ನಿನಗಾಗಿ ಮಾಡುತ್ತಿದ್ದೇನೆ ಎಂದು ನಂಬಿದ್ದೆ. ಅವನ ಮೇಲೆ ಸೇಡು ತೀರಿಸಿಕೊಳ್ಳುವುದು ಸುಲಭವಿತ್ತು, ನಿನ್ನ ಮುಂದೆ ಬಂದು ನಿಲ್ಲುವುದು ಕಷ್ಟವಿತ್ತು. ಸುಲಭವಾದದ್ದನ್ನು ಮಾಡಿದೆ. ಲೆಕ್ಕದಲ್ಲಿಯೂ ನಾನು ಹಾಗೇ ಮಾಡುತ್ತಿದ್ದೆ, ನೀನು ಬೈಯುತ್ತಿದ್ದೆ.

ನೆಪ ಹೇಳುವುದಿಲ್ಲ. ನಿನ್ನನ್ನು ನೋಡಬೇಕು ಎನಿಸಿದೆ. ಬರಬಹುದು ಎಂದರೆ ಯಾವತ್ತು ಎಂದು ಬರೆ, ನಿನ್ನ ಬಾಗಿಲಿಗೆ ಬರುತ್ತೇನೆ. ಬೇಡ ಎಂದರೆ ಅದನ್ನೂ ಬರೆ. ನಿನ್ನ ಅಕ್ಷರವನ್ನಾದರೂ ನೋಡಿದ ಹಾಗಾಗುತ್ತದೆ.

ಬಿಂದು


ಹೆಮ್ಮಿಗೆ
5 ಜನವರಿ 2025

ಬಿಂದು,

ನಿನ್ನ ಕಾಗದ ಬಂತು. ಅಕ್ಷರ ಬದಲಾಗಿಲ್ಲ. ಕವರಿನ ಮೇಲೆ ನನ್ನ ಹೆಸರು ಬರೆದಿದ್ದು ನೋಡಿಯೇ ನೀನೆಂದು ಗೊತ್ತಾಯಿತು. ಒಂದು ವಾರ ಒಡೆಯದೆ ಇಟ್ಟಿದ್ದೆ.

ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನಣ್ಣನ ಮೇಲೆ ನನಗೆ ಅಷ್ಟೇನೂ ಇಲ್ಲ. ಅವರು ನನಗೆ ಯಾರು? ಮುಂದಿನ ವರ್ಷ ಮತ್ತೆ ಪರೀಕ್ಷೆ ಕಟ್ಟಿ ಪಾಸಾದೆ, ಅದು ನಿನಗೆ ಗೊತ್ತಿರಲಿಕ್ಕಿಲ್ಲ. ಪುಸ್ತಕವನ್ನು ಬೇರೆಯವರಿಂದ ತೆಗೆದುಕೊಂಡೆ. ಫೇಲಾದದ್ದು ನೋಯಲಿಲ್ಲ. ಎಂದಾದರೂ ಬರುತ್ತಾಳೆ ಎಂದು ನಾನು ತುಂಬ ದಿನ ಬೀದಿ ನೋಡಿದೆ, ಅದು ನೋಯಿತು.

ಭಾನುವಾರ ಗಿರಾಕಿ ಕಡಿಮೆ, ಅವತ್ತು ಬಾ. ಬಾಗಿಲಿಗೆ ಬರುತ್ತೇನೆ ಎಂದಿದ್ದೀಯೆ. ಬಾಗಿಲಿಗೆ ಬೇಡ, ಕಿಟಕಿಗೆ ಬಾ. ನಮ್ಮ ಮನೆಗೆ ರಸ್ತೆ ಕಡೆ ಒಂದು ಕಿಟಕಿ ಇದೆ. ಹೊರಗೆ ಜಗಲಿ ಇಲ್ಲ, ಇವರಿಗೆ ಹೇಳಿ ಒಂದು ಕಲ್ಲು ಹಾಕಿಸಿದ್ದೇನೆ. ನಾನು ಒಳಗೆ ಕೂರುತ್ತೇನೆ, ನೀನು ಹೊರಗೆ ಕೂರು. ನಾನು ನಿಮ್ಮ ಮನೆಯ ಹೊರಗೆ ಎರಡು ವರ್ಷ ಕೂತಿದ್ದೆ. ನಿನ್ನನ್ನು ಎಷ್ಟು ಭಾನುವಾರ ಕೂರಿಸುತ್ತೇನೆ, ಯಾವತ್ತು ಒಳಗೆ ಬಾ ಎನ್ನುತ್ತೇನೆ ಎಂಬುದು ನನಗೇ ಗೊತ್ತಿಲ್ಲ.

ಅಲ್ಲಿ ನೆರಳಿಲ್ಲ. ಕೊಡೆ ತಾ.

ಹೇಮಲತಾ